ಸೇಡಿಗೊಂದು ವಾರಾಂತ್ಯ

"ಮಿಸ್ ಕಾರ್ಟರ್ ಅಂದ್ರೆ ನೀವೇನಾ?"

ಜೆಟ್ಟಿಯ ತುದಿಯಲ್ಲಿ ನೀರಿನ ಕಡೆ ಮುಖ ಮಾಡಿ ನಿಂತಿದ್ದವಳು ತಕ್ಷಣ ತಿರುಗಲಿಲ್ಲ. ಆ ದನಿ ಕೇಳಿ ಆರು ವರ್ಷವಾಗಿತ್ತು. ಕೇಳಿದ ಕೂಡಲೇ ಮೈಯೆಲ್ಲ ಉರಿಯುತ್ತದೆ ಅಂದುಕೊಂಡೇ ಬಂದಿದ್ದಳು. ಉರಿಯಿತು, ಅದೇನೋ ನಿಜ. ಆದರೆ ಅದರ ಜೊತೆಗೆ ಎದೆಯೂ ಒಮ್ಮೆ ಧಸಕ್ಕೆಂದಿತಲ್ಲ... ಅದಕ್ಕೆ ಮಾತ್ರ ಅವಳು ತಯಾರಾಗಿ ಬಂದಿರಲಿಲ್ಲ.

'ಥೂ, ಇನ್ನೂ ಬುದ್ಧಿ ಬಂದಿಲ್ಲ ನಿಂಗೆ,' ಎಂದು ತನ್ನ ಎದೆಯನ್ನೇ ಬೈದುಕೊಂಡು ಮೀರಿಯಾಮಾ ತಿರುಗಿದಳು.

ರಾವಿರಿಯ ಕೈಯಲ್ಲಿದ್ದ ಲೈಫ್ ಜಾಕೆಟ್ ಹಲಗೆಯ ಮೇಲೆ ಬಿತ್ತು.

"ಮೀರಿ...?"

"ಮಿಸ್ ಕಾರ್ಟರ್ ಅನ್ನಿ. ಬುಕ್ ಮಾಡಿರೋದು ಆ ಹೆಸರಲ್ಲೇ. ಶನಿವಾರ, ಭಾನುವಾರ, ಎರಡೂ ದಿನ ದೋಣಿ ನನ್ನದು. ನಾವಾಗಿ ಕ್ಯಾನ್ಸಲ್ ಮಾಡಲ್ಲ ಅಂತ ನಿಮ್ಮ ವೆಬ್‌ಸೈಟಲ್ಲಿ ನೀವೇ ಹಾಕಿದ್ದೀರಿ."

"ಅದು ಗಿರಾಕಿಗಳಿಗೆ ಹೇಳಿದ್ದು."

"ನಾನೂ ಗಿರಾಕೀನೇ. ಬೇರೆ ಏನಾದ್ರೂ ಸಂಬಂಧ ಉಳಿದಿದೆಯಾ ನಮಗೆ?"

ಅವನು ಬಗ್ಗಿ ಜಾಕೆಟ್ ಎತ್ತಿಕೊಂಡ. ಎತ್ತಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಕೊಂಡೇ ಇದ್ದ. ಮುಖ ಸರಿಮಾಡಿಕೊಳ್ಳುತ್ತಿದ್ದಾನೆ ಅಂತ ಅವಳಿಗೆ ಗೊತ್ತಾಯಿತು. ಒಂದು ಕಾಲದಲ್ಲಿ ಆ ಮುಖದ ಒಂದೊಂದು ಗೆರೆಯೂ ಅವಳಿಗೆ ಬಾಯಿಪಾಠವಾಗಿತ್ತು.

"ನಾಳೆ ಬೆಳಿಗ್ಗೆ ಬೇಗ ಹೊರಡೋಣ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತೆ, ನಿಂಗೆ ಗೊತ್... ನಿಮಗೆ ಗೊತ್ತಲ್ಲ," ಎಂದ.

"ಚೆನ್ನಾಗಿ ಗೊತ್ತು."

'ಯಾವ ಗಾಳಿ ಏಳುತ್ತೆ ಅಂತ ನಿಂಗೇ ಗೊತ್ತಿಲ್ಲ ಕಣೋ,' ಎಂದು ಒಳಗೊಳಗೇ ಹಲ್ಲು ಕಡಿದಳು.

ಟೌಪೋ ಸರೋವರದ ದಂಡೆಯಲ್ಲಿ ಹುಟ್ಟಿದವರು ಯಾವುದನ್ನೂ ಮರೆಯುವುದಿಲ್ಲ ಅಂತ ಹೊರಗಿನವರು ನಮ್ಮನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಮೀರಿಯನ್ನು ನೋಡಿದ ಮೇಲೆ ಅದನ್ನು ಸುಳ್ಳು ಅನ್ನುವುದು ನನಗೂ ಕಷ್ಟ.

ಅವಳಪ್ಪ ಹೋಹೆಪಾನ ಲಾಡ್ಜು ಈ ಜೆಟ್ಟಿಯ ಹಿಂದೆಯೇ ಇತ್ತು. ನಾಲ್ಕೈದು ಕೋಣೆ, ಒಂದು ಉದ್ದನೆಯ ಊಟದ ಮೇಜು, ಒಂದು ದೋಣಿ. ರಜೆ ಬಂದರೆ ಆಕ್ಲೆಂಡಿನವರು, ವೆಲಿಂಗ್ಟನ್ನಿನವರು ಅವನಲ್ಲಿಗೇ ಬರುತ್ತಿದ್ದರು. ಹೋಹೆಪಾನ ಮೇಜಿನ ಮೇಲೆ ಅವನೇ ಹಿಡಿದ, ಅವನೇ ಹೊಗೆಯಲ್ಲಿ ಬೇಯಿಸಿದ ಟ್ರೌಟ್ ಮೀನು ಇರುತ್ತಿತ್ತು.

ನಮ್ಮಲ್ಲಿ ಟ್ರೌಟ್ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ತಿನ್ನಬೇಕು ಅಂದರೆ ನೀವೇ ಹಿಡಿಯಬೇಕು, ಇಲ್ಲವೇ ಹಿಡಿದವರು ಪ್ರೀತಿಯಿಂದ ಕೊಡಬೇಕು. ಅಂಗಡಿಯಲ್ಲಿ ಸಿಗುವುದಿಲ್ಲ, ಹೋಟೆಲಿನ ಮೆನುವಿನಲ್ಲಿ ಇರುವುದಿಲ್ಲ. ಇದು ಕಾನೂನು, ಸಣ್ಣ ಮಗುವಿಗೂ ಗೊತ್ತು. ಹೋಹೆಪಾನಿಗೂ ಗೊತ್ತಿತ್ತು. ಆದರೆ ಮನೆಗೆ ಬಂದವರ ತಟ್ಟೆಗೆ ತನ್ನ ಸರೋವರದ ಮೀನು ಹಾಕದೆ ಬರೀ ಕುರಿಮಾಂಸ ಬಡಿಸುವುದು ಆ ಮನುಷ್ಯನ ಕೈಲಿ ಆಗುತ್ತಿರಲಿಲ್ಲ. "ನಾನೇನು ಮಾರ್ತಿದೀನಾ? ಕೊಡ್ತಿದೀನಿ," ಎನ್ನುತ್ತಿದ್ದ. ಅವನ ಮಟ್ಟಿಗೆ ಅದು ಸತ್ಯವೇ. ಕಾನೂನಿನ ಮಟ್ಟಿಗೆ, ಬಾಡಿಗೆ ಕೊಟ್ಟವನ ತಟ್ಟೆಗೆ ಬಿದ್ದ ಮೀನು ಮಾರಿದ ಮೀನೇ.

ಯಾರೋ ಸುಳಿವು ಕೊಟ್ಟರು. ಅಧಿಕಾರಿಗಳು ಬಂದರು. ಕೇಸು, ದಂಡ, ಪೇಪರಿನಲ್ಲಿ ಹೆಸರು. ಊರಿನ ಹಿರಿಯ ಅಂತ ಎಲ್ಲರೂ ಗೌರವ ಕೊಡುತ್ತಿದ್ದ ಹೋಹೆಪಾ ತಲೆ ತಗ್ಗಿಸಿ ನಡೆಯುವಂತಾಯಿತು. ಲಾಡ್ಜು ಮಾರಿಹೋಯಿತು.

ಹ್ಯಾಮಿಲ್ಟನ್ನಿನಲ್ಲಿ ಓದುತ್ತಿದ್ದ ಮೀರಿ ಸುದ್ದಿ ಕೇಳಿ ಓಡಿಬಂದಳು. ಆಗ ರಾವಿರಿ ಅವಳಪ್ಪನ ದೋಣಿಯಲ್ಲಿ ಕೆಲಸಕ್ಕಿದ್ದ. ಆ ಕ್ರಿಸ್‌ಮಸ್ಸಿಗೆ ಅವರಿಬ್ಬರ ಮದುವೆ ಅಂತ ಊರಿಗೆಲ್ಲ ಗೊತ್ತಿತ್ತು.

"ಯಾರು ಹೇಳಿದ್ದು ಅಂತ ಗೊತ್ತಾ ರಾವಿರಿ?" ಎಂದು ಅವನನ್ನೇ ಹಿಡಿದುಕೊಂಡು ಅತ್ತಿದ್ದಳು.

"ನಾನೇ," ಎಂದಿದ್ದ ಅವನು.

ಯಾಕೆ ಅಂತ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಕೆಲವೇ ತಿಂಗಳಲ್ಲಿ ಹೋಹೆಪಾನ ದೋಣಿ ಅವನ ಹೆಸರಿಗಾಯಿತು. ಇನ್ನೇನು ಬೇಕು? ದೋಣಿಯ ಆಸೆಗೆ ಅಪ್ಪನ ಕುತ್ತಿಗೆ ಕೊಯ್ದ ಅಂತ ಮೀರಿ ತೀರ್ಮಾನ ಮಾಡಿ ಊರು ಬಿಟ್ಟಳು. ಎರಡು ವರ್ಷಕ್ಕೆ ಅಪ್ಪನೂ ಹೋದ. ಕುಲದವರೆಲ್ಲ ಸೇರುವ ಮರಾಯೆಯ ಸಭಾಮನೆಯಲ್ಲಿ ಮೂರು ದಿನ ಅಪ್ಪನ ಶವದ ಪಕ್ಕ ಕೂತಿದ್ದಳು. ಆ ಮೂರೂ ದಿನ ರಾವಿರಿ ಹಿಂದಿನ ಅಡುಗೆಮನೆಯಲ್ಲಿ ಬಂದವರ ತಟ್ಟೆ ತೊಳೆಯುತ್ತಿದ್ದ. ಅವಳು ಆ ಕಡೆ ತಲೆ ಕೂಡ ಹಾಕಲಿಲ್ಲ.

ಈಗ ಅವಳು ಆಕ್ಲೆಂಡಿನಲ್ಲಿ ವಾರಾಂತ್ಯದ ಪುಟ ಬರೆಯುತ್ತಾಳೆ. ಎಲ್ಲಿಗೆ ಹೋಗಬೇಕು, ಏನು ನೋಡಬೇಕು, ಏನು ತಿನ್ನಬೇಕು ಅಂತ. ದೇಶದಲ್ಲಿ ಅರ್ಧ ಜನ ಅವಳು ಹೇಳಿದ ಕಡೆಗೇ ಕಾರು ತಿರುಗಿಸುತ್ತಾರೆ. ಈ ಸಲದ ಪುಟ, ಟೌಪೋದಲ್ಲಿ ಎರಡು ದಿನ. ಬರೆಯುವ ನೆಪದಲ್ಲಿ ಅವಳು ಬಂದಿರುವುದು ರಾವಿರಿಯನ್ನು ಅಪ್ಪನ ಹಾಗೆಯೇ ಬೀಳಿಸುವುದಕ್ಕೆ.

ಶನಿವಾರ ಬೆಳಿಗ್ಗೆ ನೀರು ಅಲುಗಾಡದೆ ಮಲಗಿತ್ತು. ಕೊಲ್ಲಿಯ ಬಂಡೆಗೆ ಕೆತ್ತಿದ ದೊಡ್ಡ ಮುಖದ ಮುಂದೆ ರಾವಿರಿ ದೋಣಿ ನಿಲ್ಲಿಸಿದ. ಸುತ್ತ ಕಾಯಕ್‌ಗಳಲ್ಲಿ ಬಂದವರು ಫೋಟೋ ತೆಗೆಯುತ್ತಿದ್ದರು.

"ಬರ್ಕೊಳ್ಳಿ," ಎಂದ. "ಬೆಳಿಗ್ಗೆ ಬಂಡೆ ಕೆತ್ತನೆ. ಕಾಯಕಲ್ಲಿ ಬಂದ್ರೆ ವಾಪಸ್ ಹೋಗೋವಾಗ ತೋಳು ಬಿದ್ದೋಗುತ್ತೆ ಅಂತಾನೂ ಹಾಕಿ. ಮಧ್ಯಾಹ್ನ ಬಿಸಿನೀರಿನ ಬುಗ್ಗೆ."

"ಏನು ಬರೀಬೇಕು ಅಂತ ನೀವು ಹೇಳ್ಕೊಡಬೇಡಿ."

"ಮುಂಚೆ ಹೇಳ್ಕೊಡ್ತಿದ್ದೆ. ನಾನು ಹೇಳಿದ್ದಕ್ಕೆ ಉಲ್ಟಾ ಬರೀತಿದ್ದೆ ನೀನು."

"ಉಲ್ಟಾ ಬರೆದಿದ್ದೇ ಚೆನ್ನಾಗಿರ್ತಿತ್ತು."

ಅವನು ನಗುತ್ತಿದ್ದವನು ಸುಮ್ಮನಾಗಿಬಿಟ್ಟ. ಎಂಜಿನ್ ಚಾಲೂ ಮಾಡಿ ದೋಣಿ ತಿರುಗಿಸಿದ. ಅವಳಿಗೆ ಅದು ವಿಚಿತ್ರವಾಗಿ ಕಂಡಿತು, ಆದರೆ ಹಟದವಳು, ಕೇಳಲಿಲ್ಲ.

ಆಳದ ನೀರಿಗೆ ಬಂದು ಇಬ್ಬರೂ ಗಾಳ ಬಿಟ್ಟರು. ಮೀರಿಗೆ ಐದನೇ ವಯಸ್ಸಿನಿಂದ ಗಾಳ ಹಿಡಿದು ಗೊತ್ತು. ಇವತ್ತು ಮಾತ್ರ ಬೇಕಂತಲೇ ದಾರ ಸಡಿಲ ಬಿಟ್ಟು ಕೂತಳು. ಮೀನು ಅವನ ಗಾಳಕ್ಕೇ ಬೀಳಬೇಕು, ಅವನೇ ಕೊಡಬೇಕು.

ಬಿತ್ತು ಕೂಡ. ಅವನು ಅದನ್ನು ಎಳೆದುಕೊಳ್ಳುತ್ತಿದ್ದಾಗ ಪಡುವಣದಿಂದ ಗಾಳಿ ಎದ್ದು ದೋಣಿ ವಾಲಿತು. ಮೀರಿ ಕಾಲು ಜಾರಿ ಹಿಂದಕ್ಕೆ ಹೋದಳು. ಅವನು ಒಂದು ಕೈಯಲ್ಲಿ ಗಾಳ ಬಿಡದೆ ಇನ್ನೊಂದು ಕೈಯಿಂದ ಅವಳ ಸೊಂಟ ಹಿಡಿದು ತನ್ನ ಕಡೆಗೆ ಎಳೆದುಕೊಂಡ. ಅವಳ ಕೆನ್ನೆ ಅವನ ಭುಜಕ್ಕೆ ಒತ್ತಿತು. ಡೀಸೆಲ್ಲು, ಒದ್ದೆ ಉಣ್ಣೆ... ಅದೇ ವಾಸನೆ.

'ಬಿಡು ಅನ್ನೇ ಮೀರಿ. ಬಾಯಿ ಬಿಟ್ಟು ಬಿಡು ಅನ್ನು.'

ಅವನೇ ಬಿಟ್ಟ.

"ಪೆಟ್ಟಾಯ್ತಾ?"

"ಇಲ್ಲ." ದನಿ ಗಟ್ಟಿ ಮಾಡಿಕೊಂಡಳು. "ಮೀನಿಗೆ ಎಷ್ಟು?"

"ಏನು ಎಷ್ಟು?"

"ನಾನು ಹಿಡೀಲಿಲ್ಲವಲ್ಲ. ನಿಮ್ಮ ಮೀನು. ಎಷ್ಟು ಕೊಡಬೇಕು?"

ಅವನ ಮುಖ ಕೆಂಪಾಯಿತು. "ತಲೆ ಕೆಟ್ಟಿದೆಯಾ ನಿಂಗೆ? ಆಕ್ಲೆಂಡಲ್ಲಿ ನಿಂಗ್ಯಾರು ಟ್ರೌಟ್ ಕೊಡ್ತಾರೆ ಮೀರಿ? ತಿಂದು ಎಷ್ಟು ಕಾಲ ಆಯ್ತೋ ಏನೋ. ಹುಹಾನಾ ಆಂಟಿ ಬೇಯಿಸಿ ಕೊಡ್ತಾರೆ. ತಿನ್ನು. ದುಡ್ಡಿನ ಮಾತು ನನ್ನ ಮುಂದೆ ಆಡಬೇಡ."

ಅವಳು ಮುಖ ತಿರುಗಿಸಿದಳು. ದೋಣಿಗೆ ಬಾಡಿಗೆ ತೆಗೆದುಕೊಂಡಿದ್ದಾನೆ, ತನ್ನ ಮೀನು ತಿನ್ನಿಸುತ್ತಿದ್ದಾನೆ. ಅಪ್ಪ ಮಾಡಿದ್ದೂ ಇದನ್ನೇ ಅಲ್ಲವೇ! ಗೆದ್ದೆ ಅನ್ನಿಸಬೇಕಿತ್ತು ಅವಳಿಗೆ. ಅನ್ನಿಸಲಿಲ್ಲ.

ಹುಹಾನಾ ಆಂಟಿ, ಹೋಹೆಪಾನ ತಂಗಿ, ದಂಡೆಯ ಮೇಲೆಯೇ ಇದ್ದರು. ಅವರ ಹಿತ್ತಲಲ್ಲಿ ಹಳೇ ಫ್ರಿಜ್ಜೊಂದು ಹೊಗೆಗೂಡಾಗಿ ನಿಂತಿತ್ತು. ಕೆಳಗೆ ಮಾನುಕಾ ಕಟ್ಟಿಗೆಯ ಹೊಟ್ಟು ಸುಡುತ್ತಿತ್ತು, ಮೇಲಿನ ಕಂಬಿಗಳ ಮೇಲೆ ಮೀನು. ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು.

ಅಣ್ಣನ ಮಗಳನ್ನು ಕಂಡ ಆಂಟಿ ನಮ್ಮ ಕಡೆಯ ರೂಢಿಯಂತೆ ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸಿ ಹಾಗೇ ಹಿಡಿದುಕೊಂಡರು. ಆಮೇಲೆ ಕಿವಿ ಹಿಂಡಿದರು.

"ಮಿಸ್ ಕಾರ್ಟರ್ ಅಂತೆ. ಯಾರೇ ಅವಳು? ನಮ್ಮಣ್ಣ ನಿಂಗೆ ಹೆಸರಿಡೋದು ಮರೆತಿದ್ನಾ?"

"ಕೆಲಸದ ಮೇಲೆ ಬಂದಿದ್ದು ಆಂಟಿ."

"ಕೆಲಸ ಮಾಡೋರ ಮುಖ ಹೀಗಿರುತ್ತಾ? ಯಾರನ್ನೋ ಹೊಡೆಯೋಕೆ ಬಂದವಳ ಹಾಗಿದ್ದೀಯ. ಕೂತ್ಕೋ. ನೀನೂ ಕೂತ್ಕೊಳ್ಳೋ ರಾವಿರಿ, ಬಾಗಿಲಲ್ಲಿ ಯಾಕೆ ನಿಂತೆ, ಸಾಲ ಕೇಳೋಕೆ ಬಂದವನ ಥರ."

ಆಂಟಿ ಪ್ರಾರ್ಥನೆ ಹೇಳಿದರು. ಬೇಯಿಸಿದ ಗೆಣಸು, ಬ್ರೆಡ್ಡು, ಬೆಣ್ಣೆ, ನಡುವೆ ಕಂದುಬಣ್ಣಕ್ಕೆ ತಿರುಗಿದ ಟ್ರೌಟ್. ರಾವಿರಿ ಮುಳ್ಳು ಬಿಡಿಸಿ ಒಳ್ಳೆಯ ತುಂಡನ್ನು ಅವಳ ತಟ್ಟೆಗೆ ಹಾಕಿದ. ಅವಳು ತಿನ್ನಲಿಲ್ಲ. ಫೋನ್ ತೆಗೆದು ಮೇಜಿನ ಫೋಟೋ ಹೊಡೆದುಕೊಂಡಳು.

"ಬರೆದಿರೋದು ಓದ್ತೀನಿ, ಕೇಳಿ," ಎಂದಳು. "ಶನಿವಾರ ಸಂಜೆ ರಾವಿರಿಯ ದೋಣಿ ತಪ್ಪಿಸಿಕೊಳ್ಳಬೇಡಿ. ಬಾಡಿಗೆಯಲ್ಲೇ ಹೊಗೆಯಲ್ಲಿ ಬೇಯಿಸಿದ ಟ್ರೌಟ್ ಊಟವೂ ಸೇರಿದೆ."

ಓದಿ ಮುಗಿಸಿ ರಾವಿರಿಯ ಕಡೆ ತಿರುಗಿದಳು.

"ಸೋಮವಾರ ಬೆಳಿಗ್ಗೆ ಇದು ಬರುತ್ತೆ. ದೇಶ ಎಲ್ಲ ಓದುತ್ತೆ. ಅಧಿಕಾರಿಗಳೂ ಓದ್ತಾರೆ. ನಮ್ಮಪ್ಪ ತಲೆ ತಗ್ಗಿಸಿ ನಡೆದ್ನಲ್ಲ, ಹಾಗೇ ನೀನೂ ನಡೀಬೇಕು ರಾವಿರಿ. ಅದನ್ನ ನೋಡೋಕೇ ನಾನು ಬಂದಿದ್ದು."

ಅವನು ಅವಳನ್ನೇ ನೋಡುತ್ತಿದ್ದ. "ಹಾಕು," ಎಂದ.

"ನಿನ್ನ ಪರವಾನಗಿ ಹೋಗುತ್ತೆ."

"ಹೋಗ್ಲಿ."

"ದೋಣಿ ಹೋಗುತ್ತೆ. ಅಷ್ಟು ಆಸೆಪಟ್ಟು ಹೊಡ್ಕೊಂಡ ದೋಣಿ."

"ಗೊತ್ತು. ನಿಂಗೆ ಅದರಿಂದ ಸಮಾಧಾನ ಆಗೋದಾದ್ರೆ ಹಾಕು ಮೀರಿ."

ಆ ಸಮಾಧಾನದ ಮಾತೇ ಅವಳನ್ನು ಇನ್ನಷ್ಟು ಕೆರಳಿಸಿತು. ಬೇಡಿಕೊಳ್ಳಲಿ, ಕೂಗಾಡಲಿ, ಏನಾದರೂ ಮಾಡಲಿ ಅಂತ ಕಾದಿದ್ದಳು. ಇದೇನು, ಕೊರಳೊಡ್ಡಿ ಕೂತಿದ್ದಾನೆ?

ಹುಹಾನಾ ಆಂಟಿ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಹಾಕಿದರು.

"ಕೊನೇ ಸಾಲು ಇನ್ನೊಂದ್ಸಲ ಓದು."

"ಬಾಡಿಗೆಯಲ್ಲೇ ಹೊಗೆಯಲ್ಲಿ ಬೇಯಿಸಿದ..."

"ಅವತ್ತೂ ನೀನು ಇದನ್ನೇ ಬರೆದಿದ್ದೆ."

"ಆಂಟಿ, ಬೇಡ," ಎಂದು ರಾವಿರಿ ಎದ್ದ.

"ನೀನು ಬಾಯಿ ಮುಚ್ಚೋ. ಇಷ್ಟು ವರ್ಷ ನನ್ನ ಬಾಯಿಗೆ ಬೀಗ ಹಾಕ್ಸಿದ್ದು ಸಾಕು. ನಿನ್ನ ಅನ್ನ ಕಿತ್ಕೊಳ್ತಾಳಂತೆ ಇವಳು, ನಾನು ಗೆಣಸು ತಿನ್ಕೊಂಡು ನೋಡ್ತಾ ಕೂರ್ಲಾ?" ಮೀರಿಯ ಕಡೆ ತಿರುಗಿದರು. ದನಿ ಮೆತ್ತಗಾಯಿತು. "ನೀನು ಹ್ಯಾಮಿಲ್ಟನ್ನಲ್ಲಿ ಓದ್ತಿದ್ದಾಗ ಮೊದಲನೇ ಸಲ ಪತ್ರಿಕೇಲಿ ಬರೆದೆಯಲ್ಲೇ ಮಗಳೇ. ನಮ್ಮ ಸರೋವರಕ್ಕೆ ಬಂದ್ರೆ ಏನೇನು ಮಾಡಬಹುದು ಅಂತ. ನಿಮ್ಮಪ್ಪ ಅದನ್ನ ಊರೆಲ್ಲ ತೋರಿಸ್ಕೊಂಡು ಬಂದ. 'ನಮ್ಮಪ್ಪನ ಲಾಡ್ಜಲ್ಲಿ ಕೋಣೆ ಬಾಡಿಗೇಲೇ ಟ್ರೌಟ್ ಊಟವೂ ಸೇರಿದೆ' ಅಂತ ಬರೆದಿದ್ದೆ. ಆ ಅಧಿಕಾರಿ ಬಂದಾಗ ಅವನ ಕೈಲಿದ್ದದ್ದು ಆ ಪತ್ರಿಕೆ."

ಮೀರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈಯಲ್ಲಿದ್ದ ಫೋನು ಮೇಜಿನ ಮೇಲೆ ಜಾರಿತು.

ನೆನಪಿತ್ತು ಅವಳಿಗೆ. ಎಲ್ಲವೂ ನೆನಪಿತ್ತು. ಅಪ್ಪನ ಮೀನೂಟದ ಬಗ್ಗೆ ಬರೆಯದೆ ಸರೋವರದ ಬಗ್ಗೆ ಏನು ಬರೆಯುವುದು ಅನ್ನಿಸಿತ್ತು. ಮೀನು ಅಂದರೆ ಕೊಡುವುದು, ಮೊದಲಿನಿಂದಲೂ ಕೊಡುವುದು. ಅದರಲ್ಲಿ ಮಾರಾಟ ಎಲ್ಲಿಂದ ಬಂತು ಅಂತ ಯೋಚಿಸಿಯೂ ಇರಲಿಲ್ಲ. 'ಆ ಸಾಲು ತೆಗಿ ಮೀರಿ' ಅಂತ ರಾವಿರಿ ಹೇಳಿದ್ದ. 'ನಿಂಗೇನು ಗೊತ್ತು ಬರೆಯೋದು?' ಅಂತ ನಕ್ಕು ಅದನ್ನೇ ಮೊದಲಿಗೆ ಹಾಕಿದ್ದಳು.

ಅಂದರೆ ಅಪ್ಪನನ್ನು ಬೀಳಿಸಿದ್ದು...

ಅವಳು ಎದ್ದು ಹೊರಗೆ ಹೋದಳು. ದಂಡೆಯ ತನಕ ಎಲ್ಲಿ ಕಾಲಿಟ್ಟೆ ಅಂತ ಅವಳಿಗೆ ಗೊತ್ತಿಲ್ಲ. ಹಿಂದೆ ಅವನ ಹೆಜ್ಜೆ ಕೇಳಿಸುತ್ತಿತ್ತು.

"ಯಾಕೆ ಸುಳ್ಳು ಹೇಳಿದೆ?" ತಿರುಗದೆಯೇ ಕೇಳಿದಳು.

"ನಿಮ್ಮಪ್ಪ ಕೇಳ್ಕೊಂಡ್ರು. ನೀನು ಬಸ್ಸಲ್ಲಿ ಬರ್ತಾ ಇದ್ದೆ. 'ಅವಳು ಯಾರನ್ನ ಬೇಕಾದ್ರೂ ದ್ವೇಷಿಸಲಿ ರಾವಿರಿ, ತನ್ನನ್ನ ತಾನು ದ್ವೇಷಿಸೋದು ಬೇಡ' ಅಂದ್ರು. ಯಾರೋ ಒಬ್ಬರ ಮೇಲೆ ಕೋಪ ಬೇಕಿತ್ತು ನಿಂಗೆ. ಹತ್ರ ನಾನಿದ್ದೆ."

"ದೋಣಿ?"

"ಹೊರಗಿನವರ ಕೈಗೆ ಹೋಗೋದು ಬೇಡ ಅಂತ ಅವರೇ ನನ್ನ ಹೆಸರಿಗೆ ಮಾಡಿದ್ರು."

ಇನ್ನೇನು, ಓಡಿಬಂದು ಅವನ ಎದೆಗೆ ಬಿದ್ದಳು ಅಂತ ನೀವು ಅಂದುಕೊಂಡಿದ್ದರೆ, ನಿಮಗೆ ಮೀರಿ ಗೊತ್ತಿಲ್ಲ. ಅವಳು ತಿರುಗಿದಾಗ ಕಣ್ಣಲ್ಲಿ ನೀರಿತ್ತು, ಆದರೆ ಮುಖ ಬೆಂಕಿಯಾಗಿತ್ತು.

"ಈಗ ನಾನೇನು ಮಾಡಬೇಕು? ದೊಡ್ಡ ತ್ಯಾಗಿ ಅಂತ ನಿನ್ನ ಕಾಲಿಗೆ ಬೀಳಬೇಕಾ?"

"ಮೀರಿ, ನಾನು..."

"ಅಪ್ಪ ಆಮೇಲೆ ಎರಡು ವರ್ಷ ಬದುಕಿದ್ದ! ಪ್ರತಿ ಭಾನುವಾರ ಫೋನ್ ಮಾಡ್ತಿದ್ದೆ. ಪ್ರತಿ ಸಲ ನಿನ್ನನ್ನ ಬೈತಿದ್ದೆ, ಅವನು ಸುಮ್ಮನೆ ಕೇಳ್ತಿದ್ದ. ಒಂದೇ ಒಂದ್ಸಲ 'ಅಪ್ಪ, ನನ್ನಿಂದ ತಪ್ಪಾಯ್ತು' ಅನ್ನೋ ಅವಕಾಶ ಇತ್ತು ನಂಗೆ. ಅವನು ತಲೆ ಸವರಿ 'ಹೋಗ್ಲಿ ಬಿಡು' ಅಂತಿದ್ದ. ಅದನ್ನ ನನ್ನಿಂದ ಕಿತ್ಕೊಂಡೆ ನೀನು. ಅವನಿಗೆ ಏನು ಬೇಕು ಅಂತ ನೋಡಿದೆ. ನಂಗೆ ಏನು ಬೇಕು ಅಂತ ಯಾರು ನೋಡಿದ್ರು?"

ರಾವಿರಿ ಇದ್ದಕ್ಕಿದ್ದಂತೆ ಅಲ್ಲೇ ಮರಳಿನ ಮೇಲೆ ಕುಸಿದು ಕೂತ.

"ಇದು ನಂಗೆ ಹೊಳೀಲೇ ಇಲ್ಲ," ಎಂದ. "ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹೊಳೀಲಿಲ್ಲ ಮೀರಿ. ನೋವು ನಂದೊಬ್ಬಂದೇ ಅಂದ್ಕೊಂಡಿದ್ದೆ."

ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗಂಡಸು ಅತ್ತ. ಈ ಪೆಟ್ಟಿಗಾಗಿಯೇ ಅವಳು ಕಾದಿದ್ದಳು. ಅವನು ಹೀಗೆ ಮುರಿದು ಬೀಳುವುದನ್ನು ಎಷ್ಟು ಸಲ ಕಲ್ಪಿಸಿಕೊಂಡಿದ್ದಳೋ. ಈಗ ಕಣ್ಣೆದುರು ಬಿದ್ದಾಗ ಅದನ್ನು ನೋಡಲು ಅವಳ ಕೈಲಿ ಆಗಲಿಲ್ಲ. ಅವನ ತಲೆಯ ತನಕ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಆಂಟಿಯ ಮನೆಗೆ ನಡೆದುಬಿಟ್ಟಳು.

ಭಾನುವಾರ ಬೆಳಿಗ್ಗೆ ರಾವಿರಿ ದೋಣಿ ತೊಳೆಯುತ್ತಿದ್ದ. ರಾತ್ರಿ ನಿದ್ದೆ ಮಾಡಿದವನ ಮುಖವಾಗಿರಲಿಲ್ಲ ಅದು. ಮೀರಿ ಬಂದು ಜೆಟ್ಟಿಯ ಮೇಲೆ ನಿಂತಳು. ಅವಳ ಕಣ್ಣೂ ಊದಿತ್ತು.

"ಇವತ್ತೂ ದೋಣಿ ನಂದೇ ತಾನೇ?"

"ನಿಂದೇ. ಎಲ್ಲಿಗೆ ಹೋಗಬೇಕು?"

"ಅಪ್ಪನ ಹತ್ರ."

ಕೊಲ್ಲಿಯ ಆಚೆ ದಡದಲ್ಲಿ, ನೀರಿಗೆ ಮುಖ ಮಾಡಿದ ದಿಣ್ಣೆಯ ಮೇಲೆ ಕುಲದವರ ಸಮಾಧಿಗಳು. ಬಿಳಿ ಬೇಲಿ, ಸಣ್ಣ ಗೇಟು. ಗೇಟಿನ ಹತ್ತಿರ ಅವನು ಹಿಂದೆ ನಿಂತ.

"ಒಳಗೆ ಬಾ. ನೀನು ಕೇಳಿಸ್ಕೊಳ್ಳಬೇಕು. ಅದೇ ನಿನ್ನ ಶಿಕ್ಷೆ," ಎಂದಳು.

ಅಪ್ಪನ ಕಲ್ಲಿನ ಮುಂದೆ ಮಂಡಿಯೂರಿದಳು. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ.

"ಅಪ್ಪ... ಅದನ್ನ ಬರೆದಿದ್ದು ನಾನು. ನಿಂಗೆ ಗೊತ್ತಿತ್ತು. ಗೊತ್ತಿದ್ದೂ ನೀನು ಫೋನಲ್ಲಿ 'ಊಟ ಮಾಡಿದ್ಯಾ' ಅಂತ ಕೇಳ್ತಿದ್ದೆ. ನಿನ್ನ ಮೀನು ಎಲ್ಲರೂ ತಿನ್ನಲಿ ಅಂತ ಬರೆದೆ ಕಣಪ್ಪ... ತಪ್ಪಾಯ್ತು. ನನ್ನಿಂದ ತಪ್ಪಾಯ್ತು."

ಕಲ್ಲನ್ನು ತಬ್ಬಿಕೊಂಡು ಅತ್ತಳು. ತಡೆಯುವವರು ಯಾರೂ ಇರಲಿಲ್ಲ, ಅವನೂ ತಡೆಯಲಿಲ್ಲ. ಅತ್ತು ಮುಗಿಯುವ ತನಕ ಎರಡು ಹೆಜ್ಜೆ ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ಅಂಕಲ್," ಎಂದ ಆಮೇಲೆ. "ನಿಮಗೆ ಕೊಟ್ಟ ಮಾತು ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ಕ್ಷಮಿಸಿ."

"ಮೊದಲೇ ಮುರೀಬೇಕಿತ್ತು," ಎಂದಳು ಅವಳು, ಮೂಗೊರೆಸಿಕೊಳ್ಳುತ್ತಾ. ದನಿಯಲ್ಲಿ ಮೊದಲಿನ ವಿಷ ಇರಲಿಲ್ಲ.

ಸತ್ತವರ ಜಾಗದಿಂದ ಹೊರಬರುವಾಗ ಕೈ ತೊಳೆದುಕೊಳ್ಳಬೇಕು, ಆಗಲೇ ಬದುಕಿದವರ ನಡುವೆ ಮರಳಿ ಕಾಲಿಡುವುದು. ಗೇಟಿನ ಪಕ್ಕ ನೀರು ತುಂಬಿದ ಬಾಟಲಿಗಳಿದ್ದವು. ರಾವಿರಿ ಒಂದನ್ನು ತೆಗೆದುಕೊಂಡು ಅವಳು ಮುಂದೆ ಚಾಚಿದ ಕೈಗಳ ಮೇಲೆ ನಿಧಾನವಾಗಿ ಸುರಿದ.

"ಇಷ್ಟು ವರ್ಷ ನಿನ್ನನ್ನ ದ್ವೇಷಿಸ್ತೀನಿ ಅಂತಾನೇ ಬದುಕಿದ್ದೆ," ಎಂದಳು, ನೀರನ್ನೇ ನೋಡುತ್ತಾ. "ಬೆಳಿಗ್ಗೆ ಎದ್ದ ಕೂಡಲೇ ನೀನೇ ನೆನಪಾಗ್ತಿದ್ದೆ. ಇನ್ಯಾರ ಜೊತೇನೂ ಇರೋಕಾಗ್ಲಿಲ್ಲ ನಂಗೆ. ದ್ವೇಷಕ್ಕೇ ಹೀಗಾಗುತ್ತೆ ಅಂದ್ಕೊಂಡಿದ್ದೆ."

"ನಂಗೆ ಹಾಗೆ ಅಂದ್ಕೊಳ್ಳೋ ಭಾಗ್ಯಾನೂ ಇರ್ಲಿಲ್ಲ. ಪ್ರೀತಿ ಅಂತ ಗೊತ್ತಿತ್ತು."

ಅವಳ ಬೆರಳುಗಳು ನೀರಿನಡಿಯಲ್ಲಿ ನಿಂತವು.

"ಸೋಮವಾರದ ಬರಹ?" ಎಂದ ಅವನು.

"ಬರುತ್ತೆ. ದೋಣಿ ಚೆನ್ನಾಗಿದೆ, ದೋಣಿಯವನು ಮಹಾ ಸುಳ್ಳ ಅಂತ. ಮೀನಿನ ಸುದ್ದಿ ಇರಲ್ಲ."

ಅವನು ನಕ್ಕ. ನಗುವಾಗಲೂ ಕಣ್ಣು ತುಂಬಿಕೊಂಡೇ ಇತ್ತು.

"ಒಂದು ಮಾತು ಕೇಳು ರಾವಿರಿ. ಇನ್ಮೇಲೆ ನನ್ನ ನೋವನ್ನ ನಂಗೇ ಬಿಡಬೇಕು. ನೀನು ಕದ್ದು ಹೊತ್ಕೊಂಡು ಹೋಗೋ ಹಾಗಿಲ್ಲ."

"ಸರಿ. ಪಕ್ಕದಲ್ಲಿ ನಿಂತ್ಕೋಬಹುದಾ?"

ಮೀರಿ ಅವನ ಕೈಯಿಂದ ಬಾಟಲಿ ತೆಗೆದುಕೊಂಡಳು.

"ಕೈ ಮುಂದೆ ಮಾಡು ಮೊದಲು," ಎಂದಳು. "ನಿಂದೂ ತೊಳೆದು ಆಮೇಲೆ ಮನೆಗೆ ಹೋಗೋಣ."